ಉದ್ದಿಮೆಗಳಿಗೆ ಕಂಟೇನರ್ ನಿರ್ವಹಣಾ ವೇದಿಕೆಗಳು: ಒಂದು ತೌಲನಿಕ ಪರಿಚಯ

(ಬೆಂಗಳೂರು ಉತ್ತರ ಭಾಗದ ಸಣ್ಣ ಮತ್ತು ಮಧ್ಯಮ ಉದ್ದಿಮೆದಾರರ ಮಾಹಿತಿಗಾಗಿ)

1. ಪೀಠಿಕೆ

ಬೆಂಗಳೂರು ನಗರದ ಉತ್ತರ ಭಾಗವು ಬಹುವಿಧ ಉದ್ದಿಮೆಗಳ ನೆಲೆಯಾಗಿರುತ್ತದೆ. ಯಶವಂತಪುರದ ಕೃಷಿ ಉತ್ಪನ್ನ ಮಾರುಕಟ್ಟೆ ಪ್ರಾಂಗಣದ ಮಂಡಿ ವರ್ತಕರು, ಅದಕ್ಕೆ ಹೊಂದಿಕೊಂಡಂತಿರುವ ಪೀಣ್ಯ ಕೈಗಾರಿಕಾ ಪ್ರದೇಶದ ಬಿಡಿಭಾಗ ತಯಾರಕರು, 1984ರಿಂದ ರೈಲು ಗಾಲಿ ಕಾರ್ಖಾನೆಯನ್ನು ಹೊಂದಿರುವ ಯಲಹಂಕದ ಉಪ ಉದ್ದಿಮೆಗಳು, ಹೆಬ್ಬಾಳ ಹಾಗೂ ನಾಗವಾರದ ಸುತ್ತಮುತ್ತಲಿನ ತಂತ್ರಾಂಶ ಸಂಸ್ಥೆಗಳು, ಆರ್.ಟಿ. ನಗರದ ಚಿಕಿತ್ಸಾಲಯಗಳು ಹಾಗೂ ಅಂಗಡಿ ಮುಂಗಟ್ಟುಗಳು - ಇವೆಲ್ಲವೂ ಇಂದು ಒಂದಲ್ಲ ಒಂದು ಬಗೆಯಲ್ಲಿ ಗಣಕಯಂತ್ರಗಳನ್ನು ಅವಲಂಬಿಸಿವೆ. ಬಿಲ್ಲು ಬರೆಯುವುದು, ದಾಸ್ತಾನು ಲೆಕ್ಕವಿಡುವುದು, ಗ್ರಾಹಕರ ಬೇಡಿಕೆಯನ್ನು ಸ್ವೀಕರಿಸುವುದು ಮುಂತಾದ ಕೆಲಸಗಳು ತಂತ್ರಾಂಶದ ಮೂಲಕವೇ ನಡೆಯುತ್ತಿವೆ.

ಇತ್ತೀಚಿನ ವರ್ಷಗಳಲ್ಲಿ ತಂತ್ರಾಂಶ ಪೂರೈಕೆದಾರರು ತಮ್ಮ ಉತ್ಪನ್ನಗಳನ್ನು "ಕಂಟೇನರ್" ರೂಪದಲ್ಲಿ ನೀಡುವುದು ರೂಢಿಗೆ ಬಂದಿದೆ. ಅದರ ಜೊತೆಯಲ್ಲಿಯೇ ಕುಬರ್ನೆಟೀಸ್, ಓಪನ್‌ಶಿಫ್ಟ್, ಸ್ವಾರ್ಮ್, ನೋಮ್ಯಾಡ್ ಮುಂತಾದ ಹೆಸರುಗಳು ದರಪಟ್ಟಿಗಳಲ್ಲಿ ಕಾಣಿಸಿಕೊಳ್ಳುತ್ತವೆ. ಇವುಗಳ ಸ್ವರೂಪವನ್ನು ಅರಿಯದೆ ಸಹಿ ಹಾಕಿದ ಉದ್ದಿಮೆದಾರರು ಮುಂದೆ ಅನಗತ್ಯ ವೆಚ್ಚವನ್ನು ಭರಿಸಬೇಕಾಗಬಹುದು. ಅಥವಾ ಅಗತ್ಯವಿದ್ದ ರಕ್ಷಣೆಯೇ ಇಲ್ಲದೆ ನಷ್ಟಕ್ಕೆ ಗುರಿಯಾಗಬಹುದು. ಸದರಿ ವೇದಿಕೆಗಳ ಕಾರ್ಯವಿಧಾನ, ಗುಣಾವಗುಣ ಮತ್ತು ವೆಚ್ಚದ ಸ್ವರೂಪವನ್ನು ಸರಳವಾಗಿ ತಿಳಿಯಪಡಿಸುವುದು ಈ ಲೇಖನದ ಉದ್ದೇಶವಾಗಿರುತ್ತದೆ.

2. ಈ ವಿಷಯದ ಪ್ರಾಮುಖ್ಯತೆ

2021ರ ನವೆಂಬರ್ ತಿಂಗಳಲ್ಲಿ ಸುರಿದ ಭಾರೀ ಮಳೆಯಿಂದ ಯಲಹಂಕ ಕೆರೆ ಕೋಡಿ ಹರಿದು ಕೇಂದ್ರೀಯ ವಿಹಾರ ವಸತಿ ಸಮುಚ್ಚಯವು ಜಲಾವೃತವಾಯಿತು. 2024ರ ಅಕ್ಟೋಬರ್ ತಿಂಗಳಲ್ಲಿ ಅದೇ ಸಮುಚ್ಚಯಕ್ಕೆ ಮತ್ತೊಮ್ಮೆ ನೀರು ನುಗ್ಗಿತು. ಅದೇ ತಿಂಗಳಲ್ಲಿ ನಾಗವಾರದ ಮಾನ್ಯತಾ ಟೆಕ್ ಪಾರ್ಕ್ ಆವರಣದಲ್ಲಿಯೂ ನೀರು ನಿಂತು, ನೌಕರರು ಮನೆಯಿಂದಲೇ ಕೆಲಸ ಮಾಡಬೇಕಾಯಿತು. ನೆಲಮಾಳಿಗೆಯಲ್ಲಿ ಅಥವಾ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಒಂದೇ ಸರ್ವರ್ ಇರಿಸಿಕೊಂಡು ವ್ಯವಹಾರ ನಡೆಸುವ ಉದ್ದಿಮೆಗೆ ಇಂತಹ ಒಂದು ರಾತ್ರಿಯ ಮಳೆಯೇ ವರ್ಷಗಳ ದಾಖಲೆಗಳನ್ನು ಕಸಿದುಕೊಳ್ಳಬಲ್ಲದು.

ಕಾನೂನಿನ ಹೊಣೆಗಾರಿಕೆಗಳೂ ಹೆಚ್ಚಿವೆ. ಅವುಗಳಲ್ಲಿ ಮುಖ್ಯವಾದವು ಈ ಕೆಳಕಂಡಂತಿವೆ:

(ಅ) ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿಗಳನ್ನು ಮೀರಿದ ಉದ್ದಿಮೆಗಳು 2023ರ ಆಗಸ್ಟ್ 1ರಿಂದ ಇತರ ನೋಂದಾಯಿತ ವ್ಯಾಪಾರಿಗಳಿಗೆ ಮಾಡುವ ಪೂರೈಕೆಗೆ ವಿದ್ಯುನ್ಮಾನ ಬೀಜಕವನ್ನು, ಅಂದರೆ ಇ-ಇನ್‌ವಾಯ್ಸ್ ಅನ್ನು ಸೃಜಿಸಬೇಕಾಗಿರುತ್ತದೆ. ವಹಿವಾಟು 10 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ, 2025ರ ಏಪ್ರಿಲ್ 1ರಿಂದ, ಬೀಜಕದ ದಿನಾಂಕದಿಂದ 30 ದಿನಗಳೊಳಗೆ ಅದನ್ನು ಸಲ್ಲಿಸತಕ್ಕದ್ದು. ಬಿಲ್ಲಿನ ತಂತ್ರಾಂಶ ನಿಂತಲ್ಲಿ ಸರಕಿನ ಲಾರಿಯೂ ಗೇಟಿನಲ್ಲಿ ನಿಲ್ಲುವುದು.

(ಆ) ಕಂಪನಿ ಕಾಯ್ದೆಯಡಿ ನೋಂದಾಯಿತವಾದ ಸಂಸ್ಥೆಗಳು ವಿದ್ಯುನ್ಮಾನ ರೂಪದ ಲೆಕ್ಕಪುಸ್ತಕಗಳ ಪ್ರತಿಯನ್ನು ಭಾರತದಲ್ಲಿಯೇ ಇರುವ ಸರ್ವರ್‌ಗಳಲ್ಲಿ ಪ್ರತಿದಿನ ಇರಿಸಬೇಕೆಂದು 2022ರ ಆಗಸ್ಟ್ ತಿಂಗಳ ತಿದ್ದುಪಡಿ ನಿಯಮಗಳು ವಿಧಿಸಿವೆ.

(ಇ) ಸಿಇಆರ್‌ಟಿ-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ನಿಗದಿತ ಸೈಬರ್ ಘಟನೆಗಳನ್ನು ತಿಳಿದ 6 ಗಂಟೆಗಳೊಳಗೆ ವರದಿ ಮಾಡತಕ್ಕದ್ದು ಹಾಗೂ ಗಣಕ ವ್ಯವಸ್ಥೆಯ ದಾಖಲೆಗಳನ್ನು 180 ದಿನಗಳ ಕಾಲ ಕಾಯ್ದಿರಿಸತಕ್ಕದ್ದು.

(ಈ) ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರಂತೆ ಗ್ರಾಹಕರ ಅಥವಾ ರೋಗಿಗಳ ಮಾಹಿತಿಗೆ ಸೂಕ್ತ ಭದ್ರತೆ ಒದಗಿಸುವುದು ಮಾಹಿತಿ ಸಂಗ್ರಹಿಸಿದವರ ಹೊಣೆ. ಲೋಪಕ್ಕೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಇದರ ನಿಯಮಗಳನ್ನು 2025ರ ನವೆಂಬರ್ ತಿಂಗಳಲ್ಲಿ ಅಧಿಸೂಚಿಸಲಾಗಿದ್ದು, ಹಂತ ಹಂತವಾಗಿ ಜಾರಿಗೊಳಿಸಲು ಉದ್ದೇಶಿಸಲಾಗಿದೆ.

3. ಕಂಟೇನರ್ ಎಂದರೇನು?

ಹಡಗು ಸಾಗಣೆಯಲ್ಲಿ ಬಳಸುವ ಉಕ್ಕಿನ ಪೆಟ್ಟಿಗೆಯಿಂದಲೇ ಈ ಹೆಸರು ಬಂದಿದೆ. 1950ರ ದಶಕದವರೆಗೆ ಮೂಟೆ, ಪೀಪಾಯಿ, ಪೆಟ್ಟಿಗೆಗಳನ್ನು ಒಂದೊಂದಾಗಿ ಹಡಗಿಗೆ ಏರಿಸಲಾಗುತ್ತಿತ್ತು. ನಿಗದಿತ ಅಳತೆಯ ಪೆಟ್ಟಿಗೆ ಬಂದ ಮೇಲೆ ಒಳಗೆ ಏನಿದ್ದರೂ ಅದೇ ಕ್ರೇನ್, ಅದೇ ಲಾರಿ, ಅದೇ ರೈಲು ಬೋಗಿಯು ಸಾಕಾಯಿತು.

ತಂತ್ರಾಂಶ ಲೋಕದಲ್ಲಿಯೂ ಇದೇ ತತ್ತ್ವವಿದೆ. ಒಂದು ತಂತ್ರಾಂಶವು ಓಡಲು ಅದಕ್ಕೆ ಬೇಕಾದ ಭಾಷೆಯ ನಿರ್ದಿಷ್ಟ ಆವೃತ್ತಿ, ಸಹಾಯಕ ಕಡತಗಳು, ಸಂರಚನೆ ಇತ್ಯಾದಿಗಳು ಇರಲೇಬೇಕು. ಒಂದು ಯಂತ್ರದಲ್ಲಿ ಸರಿಯಾಗಿ ನಡೆದ ತಂತ್ರಾಂಶವು ಇನ್ನೊಂದರಲ್ಲಿ ಕೆಡುವುದಕ್ಕೆ ಇವುಗಳ ವ್ಯತ್ಯಾಸವೇ ಸಾಮಾನ್ಯ ಕಾರಣ. ಈ ಎಲ್ಲವನ್ನೂ ತಂತ್ರಾಂಶದೊಡನೆ ಒಂದೇ ಕಟ್ಟಿನಲ್ಲಿ ಇರಿಸಿದರೆ ಅದನ್ನು ಕಂಟೇನರ್ ಇಮೇಜ್ ಎನ್ನುತ್ತಾರೆ. ಅದು ಓಡುತ್ತಿರುವಾಗ ಕಂಟೇನರ್ ಎನ್ನುತ್ತಾರೆ. 2013ರಲ್ಲಿ ಬಿಡುಗಡೆಯಾದ ಡಾಕರ್ ಎಂಬ ಸಾಧನವು ಈ ಪದ್ಧತಿಯನ್ನು ಜನಪ್ರಿಯಗೊಳಿಸಿತು.

ಇದಕ್ಕೂ ಹಿಂದಿನಿಂದ ಬಳಕೆಯಲ್ಲಿರುವ ವರ್ಚುವಲ್ ಯಂತ್ರಕ್ಕೂ ವ್ಯತ್ಯಾಸವುಂಟು. ವರ್ಚುವಲ್ ಯಂತ್ರವು ತನ್ನದೇ ಕಾರ್ಯಾಚರಣ ವ್ಯವಸ್ಥೆಯನ್ನು ಪೂರ್ಣವಾಗಿ ಹೊತ್ತಿರುತ್ತದೆ. ಕಂಟೇನರ್‌ಗಳಾದರೋ ಒಂದೇ ಲಿನಕ್ಸ್ ತಿರುಳನ್ನು ಹಂಚಿಕೊಂಡು, ಪರಸ್ಪರ ಬೇಲಿ ಹಾಕಿಕೊಂಡು ಓಡುತ್ತವೆ. ಆದ್ದರಿಂದ ಅವು ಹಗುರ. ಕೆಲವೇ ಕ್ಷಣಗಳಲ್ಲಿ ಪ್ರಾರಂಭವಾಗುತ್ತವೆ. ಆದರೆ ತಿರುಳು ಒಂದೇ ಆಗಿರುವುದರಿಂದ ಬೇಲಿಯು ವರ್ಚುವಲ್ ಯಂತ್ರದಷ್ಟು ಭದ್ರವಲ್ಲ ಎಂಬುದನ್ನು ಗಮನಿಸತಕ್ಕದ್ದು.

4. ನಿರ್ವಹಣಾ ವೇದಿಕೆಯ ಕೆಲಸ

ಒಂದು ಯಂತ್ರದಲ್ಲಿ ಎರಡು ಮೂರು ಕಂಟೇನರ್‌ಗಳಿದ್ದರೆ ಮನುಷ್ಯನೇ ನೋಡಿಕೊಳ್ಳಬಹುದು. ಹತ್ತಾರು ಯಂತ್ರಗಳಲ್ಲಿ ನೂರಾರು ಕಂಟೇನರ್‌ಗಳಾದಾಗ ಅದು ಅಸಾಧ್ಯ. ಮಾರುಕಟ್ಟೆ ಪ್ರಾಂಗಣದಲ್ಲಿ ಹಮಾಲರ ಮೇಸ್ತ್ರಿಯು ಯಾವ ಲಾರಿಗೆ ಎಷ್ಟು ಜನ, ಯಾರು ಬರಲಿಲ್ಲ, ಅವರ ಬದಲಿಗೆ ಯಾರು ಎಂದು ನಿರ್ಧರಿಸುವಂತೆ, ಕಂಟೇನರ್‌ಗಳಿಗೂ ಒಬ್ಬ ಮೇಸ್ತ್ರಿ ಬೇಕು. ಆ ಮೇಸ್ತ್ರಿಯೇ ಆರ್ಕೆಸ್ಟ್ರೇಷನ್ ಅಥವಾ ನಿರ್ವಹಣಾ ವೇದಿಕೆ. ಅದರ ಮುಖ್ಯ ಕೆಲಸಗಳು:

- ಯಾವ ಯಂತ್ರದಲ್ಲಿ ಸ್ಥಳಾವಕಾಶವಿದೆ ಎಂದು ನೋಡಿ ಕಂಟೇನರ್ ಅನ್ನು ಅಲ್ಲಿ ಓಡಿಸುವುದು;
- ಕಂಟೇನರ್ ಕೆಟ್ಟು ನಿಂತರೆ ಮತ್ತೆ ಪ್ರಾರಂಭಿಸುವುದು; ಯಂತ್ರವೇ ಕೆಟ್ಟರೆ ಬೇರೆ ಯಂತ್ರದಲ್ಲಿ ಪ್ರಾರಂಭಿಸುವುದು;
- ಬೇಡಿಕೆ ಹೆಚ್ಚಿದಾಗ ಪ್ರತಿಗಳನ್ನು ಹೆಚ್ಚಿಸುವುದು, ಇಳಿದಾಗ ತಗ್ಗಿಸುವುದು;
- ಹೊಸ ಆವೃತ್ತಿಯನ್ನು ಸೇವೆ ನಿಲ್ಲಿಸದೆ ಹಂತ ಹಂತವಾಗಿ ಅಳವಡಿಸುವುದು;
- ಒಂದು ಕಂಟೇನರ್ ಮತ್ತೊಂದನ್ನು ಜಾಲದಲ್ಲಿ ಗುರುತಿಸಲು ನೆರವಾಗುವುದು.

ಈ ಎಲ್ಲ ವೇದಿಕೆಗಳ ಹಿಂದಿನ ತತ್ತ್ವ ಒಂದೇ. ಉದ್ದಿಮೆಯು "ಬಿಲ್ಲಿನ ತಂತ್ರಾಂಶದ ಮೂರು ಪ್ರತಿಗಳು ಸದಾ ಓಡುತ್ತಿರಬೇಕು" ಎಂದು ಬಯಸಿದ ಸ್ಥಿತಿಯನ್ನು ಬರೆದಿಡುತ್ತದೆ. ವೇದಿಕೆಯು ಇರುವ ಸ್ಥಿತಿಯನ್ನು ಆಗಿಂದಾಗ್ಗೆ ಅದರೊಡನೆ ಹೋಲಿಸಿ ವ್ಯತ್ಯಾಸವನ್ನು ಸರಿಪಡಿಸುತ್ತಿರುತ್ತದೆ.

5. ಪ್ರಮುಖ ವೇದಿಕೆಗಳು

5.1 ಡಾಕರ್ ಕಂಪೋಸ್: ಒಂದೇ ಯಂತ್ರದಲ್ಲಿ ಕೆಲವು ಕಂಟೇನರ್‌ಗಳನ್ನು ಒಟ್ಟಾಗಿ ನಡೆಸುವ ಸರಳ ಸಾಧನ. ಒಂದು ಕಡತದಲ್ಲಿ ಎಲ್ಲವನ್ನೂ ಬರೆದಿಡಬಹುದು. ಯಂತ್ರವೇ ಕೆಟ್ಟಲ್ಲಿ ಬೇರೆಡೆಗೆ ತಾನಾಗಿ ಸ್ಥಳಾಂತರಿಸುವ ಶಕ್ತಿ ಇದಕ್ಕಿಲ್ಲ. ಆದರೂ ಅನೇಕ ಸಣ್ಣ ಉದ್ದಿಮೆಗಳಿಗೆ ಇಷ್ಟೇ ಸಾಕಾಗುವುದುಂಟು.

5.2 ಡಾಕರ್ ಸ್ವಾರ್ಮ್: 2016ರಲ್ಲಿ ಡಾಕರ್ ಎಂಜಿನ್‌ನ 1.12ನೇ ಆವೃತ್ತಿಯೊಳಗೇ ಸೇರ್ಪಡೆಯಾಯಿತು. ಡಾಕರ್ ಬಲ್ಲವರು ಅಲ್ಪ ಕಾಲದಲ್ಲಿ ಕಲಿಯಬಹುದು. ಪ್ರತ್ಯೇಕ ಅಳವಡಿಕೆ ಬೇಕಿಲ್ಲ. 2019ರ ನವೆಂಬರ್ ತಿಂಗಳಲ್ಲಿ ಡಾಕರ್‌ನ ಉದ್ಯಮ ವಿಭಾಗವನ್ನು ಮಿರಾಂಟಿಸ್ ಸಂಸ್ಥೆಯು ಖರೀದಿಸಿತು. ಸೌಲಭ್ಯಗಳು ಸೀಮಿತ, ಕುಬರ್ನೆಟೀಸ್‌ಗೆ ಹೋಲಿಸಿದಲ್ಲಿ ಇದನ್ನು ಬಲ್ಲ ಪರಿಣತರ ಹಾಗೂ ಪೂರಕ ಸಾಧನಗಳ ಬಳಗ ಚಿಕ್ಕದು.

5.3 ಕುಬರ್ನೆಟೀಸ್: ಗೂಗಲ್ ಸಂಸ್ಥೆಯು ತನ್ನ ಆಂತರಿಕ ಬಾರ್ಗ್ ವ್ಯವಸ್ಥೆಯ ಅನುಭವದಿಂದ ರೂಪಿಸಿ 2014ರಲ್ಲಿ ಮುಕ್ತ ತಂತ್ರಾಂಶವಾಗಿ ಪ್ರಕಟಿಸಿತು. 2015ರ ಜುಲೈ ತಿಂಗಳಲ್ಲಿ ಮೊದಲ ಪೂರ್ಣ ಆವೃತ್ತಿ ಹೊರಬಂದಿತು. ಅದೇ ವರ್ಷ ಸ್ಥಾಪಿತವಾದ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಷನ್ ಅದರ ಪೋಷಕ ಸಂಸ್ಥೆಯಾಯಿತು. ಗ್ರೀಕ್ ಭಾಷೆಯಲ್ಲಿ ಈ ಪದಕ್ಕೆ ಹಡಗಿನ ಚುಕ್ಕಾಣಿ ಹಿಡಿಯುವವನು ಎಂಬ ಅರ್ಥವಿದೆ; ನಮ್ಮಲ್ಲಿ "ಕರ್ಣಧಾರ" ಎನ್ನಬಹುದು. ಇಂದು ಇದೇ ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವ ವೇದಿಕೆ. ತಂತ್ರಾಂಶಕ್ಕೆ ಶುಲ್ಕವಿಲ್ಲ. ಆದರೆ ಕಲಿಕೆಯ ಹೊರೆ ಹೆಚ್ಚು. ವರ್ಷಕ್ಕೆ ಮೂರು ಆವೃತ್ತಿಗಳು ಬಿಡುಗಡೆಯಾಗುತ್ತವೆ. ಪ್ರತಿಯೊಂದಕ್ಕೂ ಸುಮಾರು 14 ತಿಂಗಳು ಮಾತ್ರ ದೋಷ ನಿವಾರಣೆಯ ಬೆಂಬಲವಿರುತ್ತದೆ. ಅಂದರೆ ಒಮ್ಮೆ ಸ್ಥಾಪಿಸಿ ಐದು ವರ್ಷ ಮುಟ್ಟದೆ ಬಿಡುವ ವ್ಯವಸ್ಥೆ ಇದಲ್ಲ.

5.4 ಕೆ3ಎಸ್: ಕುಬರ್ನೆಟೀಸ್‌ನ ಹಗುರವಾದ ರೂಪ. ರ‍್ಯಾಂಚರ್ ಸಂಸ್ಥೆಯು 2019ರಲ್ಲಿ ಹೊರತಂದು, 2020ರಲ್ಲಿ ಮೇಲ್ಕಂಡ ಫೌಂಡೇಷನ್‌ಗೆ ಒಪ್ಪಿಸಿತು. ಒಂದೇ ಕಡತದಿಂದ ಸ್ಥಾಪಿಸಬಹುದು. ಮುಖ್ಯ ಯಂತ್ರಕ್ಕೆ 2 ಗಿಗಾಬೈಟ್ ಸ್ಮರಣ ಸಾಮರ್ಥ್ಯ ಕನಿಷ್ಠವೆಂದು ಸೂಚಿಸಲಾಗಿದೆ. ಕಾರ್ಖಾನೆಯ ಮಹಡಿ, ಶಾಖಾ ಕಚೇರಿ ಮುಂತಾದ ಸಣ್ಣ ತಾಣಗಳಿಗೆ ಅನುಕೂಲಕರ.

5.5 ಓಪನ್‌ಶಿಫ್ಟ್: ರೆಡ್ ಹ್ಯಾಟ್ ಸಂಸ್ಥೆಯ ವಾಣಿಜ್ಯ ಉತ್ಪನ್ನ. 2015ರ ಮೂರನೇ ಆವೃತ್ತಿಯಿಂದ ಕುಬರ್ನೆಟೀಸ್ ಆಧಾರಿತವಾಯಿತು. 2019ರ ಜುಲೈ ತಿಂಗಳಲ್ಲಿ ರೆಡ್ ಹ್ಯಾಟ್ ಸಂಸ್ಥೆಯು ಐಬಿಎಂ ಒಡೆತನಕ್ಕೆ ಸೇರಿತು. ಭದ್ರತೆಯ ಕಟ್ಟುಪಾಡುಗಳು ಮೊದಲಿನಿಂದಲೇ ಬಿಗಿಯಾಗಿವೆ. ಸರ್ವಾಧಿಕಾರವುಳ್ಳ ರೂಟ್ ಬಳಕೆದಾರನಾಗಿ ಓಡುವ ಕಂಟೇನರ್‌ಗೆ ಸಾಮಾನ್ಯವಾಗಿ ಅನುಮತಿಯಿರುವುದಿಲ್ಲ. ಸಂಸ್ಥೆಯ ನೇರ ಬೆಂಬಲ ದೊರೆಯುತ್ತದೆ. ಚಂದಾ ಶುಲ್ಕವುಂಟು; ಪೂರ್ಣ ಪ್ರಮಾಣದ ಅಳವಡಿಕೆಗೆ ನಿಯಂತ್ರಣ ಭಾಗಕ್ಕೇ ತಲಾ 16 ಗಿಗಾಬೈಟ್ ಸ್ಮರಣ ಸಾಮರ್ಥ್ಯದ ಮೂರು ಯಂತ್ರಗಳು ಬೇಕಾಗುತ್ತವೆ. ಓಕೆಡಿ ಎಂಬ ಶುಲ್ಕರಹಿತ ಸಮುದಾಯ ರೂಪವೂ ಇದೆ.

5.6 ನೋಮ್ಯಾಡ್: ಹ್ಯಾಶಿಕಾರ್ಪ್ ಸಂಸ್ಥೆಯು 2015ರಲ್ಲಿ ಹೊರತಂದಿತು. ರಚನೆ ಸರಳ. ಕಂಟೇನರ್ ಅಲ್ಲದ ಹಳೆಯ ತಂತ್ರಾಂಶಗಳನ್ನೂ ನಡೆಸಬಲ್ಲದು ಎಂಬುದು ಇದರ ವಿಶೇಷ. 2023ರ ಆಗಸ್ಟ್ ತಿಂಗಳಲ್ಲಿ ಸಂಸ್ಥೆಯು ಪರವಾನಗಿಯನ್ನು ಮುಕ್ತ ಸ್ವರೂಪದಿಂದ ವ್ಯಾಪಾರಿ ನಿರ್ಬಂಧವುಳ್ಳ ಸ್ವರೂಪಕ್ಕೆ ಬದಲಾಯಿಸಿತು. 2025ರ ಫೆಬ್ರವರಿಯಲ್ಲಿ ಇದೂ ಐಬಿಎಂ ಒಡೆತನಕ್ಕೆ ಬಂದಿತು. ತಮ್ಮದೇ ಕಚೇರಿಯ ಬಳಕೆಗೆ ಅಡ್ಡಿಯಿಲ್ಲವಾದರೂ, ಅದನ್ನೇ ಇತರರಿಗೆ ಸೇವೆಯಾಗಿ ಮಾರುವವರು ಪರವಾನಗಿಯನ್ನು ಓದತಕ್ಕದ್ದು.

5.7 ಕ್ಲೌಡ್ ಸಂಸ್ಥೆಗಳ ಸಿದ್ಧ ಸೇವೆಗಳು: ಅಮೆಜಾನ್‌ನ ಇಕೆಎಸ್, ಗೂಗಲ್‌ನ ಜಿಕೆಇ, ಮೈಕ್ರೋಸಾಫ್ಟ್‌ನ ಎಕೆಎಸ್ - ಇವುಗಳಲ್ಲಿ ಕುಬರ್ನೆಟೀಸ್‌ನ ನಿಯಂತ್ರಣ ಭಾಗವನ್ನು ಸಂಸ್ಥೆಯೇ ನೋಡಿಕೊಳ್ಳುತ್ತದೆ. ಅಮೆಜಾನ್‌ನ ಇಸಿಎಸ್ ಕುಬರ್ನೆಟೀಸ್ ಅಲ್ಲದ, ಅದೇ ಸಂಸ್ಥೆಯ ಸರಳ ವೇದಿಕೆ. ಅದಕ್ಕೆ ಪ್ರತ್ಯೇಕ ನಿಯಂತ್ರಣ ಶುಲ್ಕವಿಲ್ಲ, ಆದರೆ ಅಲ್ಲಿ ಬರೆದ ಸಂರಚನೆಯನ್ನು ಬೇರೆಡೆಗೆ ಒಯ್ಯಲು ತಿದ್ದಿ ಬರೆಯಬೇಕಾಗುತ್ತದೆ. ಈ ಸಂಸ್ಥೆಗಳಿಗೆ ಭಾರತದಲ್ಲಿಯೇ ದತ್ತಾಂಶ ಕೇಂದ್ರಗಳ ವಲಯಗಳಿವೆ: ಅಮೆಜಾನ್‌ಗೆ ಮುಂಬಯಿ ಮತ್ತು ಹೈದರಾಬಾದ್, ಗೂಗಲ್‌ಗೆ ಮುಂಬಯಿ ಮತ್ತು ದೆಹಲಿ, ಮೈಕ್ರೋಸಾಫ್ಟ್‌ಗೆ ಪುಣೆ, ಚೆನ್ನೈ ಮತ್ತು ಮುಂಬಯಿ. ಆದ್ದರಿಂದ ದತ್ತಾಂಶವನ್ನು ದೇಶದೊಳಗೇ ಇರಿಸಬೇಕೆಂಬ ನಿಯಮವನ್ನು ಪಾಲಿಸಲು ಅವಕಾಶವಿದೆ. ಆದರೆ ವಲಯವನ್ನು ಆರಿಸುವವರು ಗ್ರಾಹಕರೇ ಎಂಬುದನ್ನು ಮರೆಯಬಾರದು.

5.8 ಹಿಂದೆ ಸರಿದ ವೇದಿಕೆಗಳು: ಒಂದು ಕಾಲಕ್ಕೆ ಕುಬರ್ನೆಟೀಸ್‌ಗೆ ಸಮನಾಗಿ ನಿಂತಿದ್ದ ಮೆಸೋಸ್ ವೇದಿಕೆಯು ಕ್ರಮೇಣ ಬಳಕೆ ಕಳೆದುಕೊಂಡಿತು. ಅದನ್ನು ಆಧರಿಸಿ ಉತ್ಪನ್ನ ಮಾರುತ್ತಿದ್ದ ಮೆಸೋಸ್ಪಿಯರ್ ಸಂಸ್ಥೆಯು 2019ರಲ್ಲಿ ಹೆಸರನ್ನೇ ಬದಲಾಯಿಸಿಕೊಂಡು ಕುಬರ್ನೆಟೀಸ್ ಕಡೆಗೆ ಹೊರಳಿತು. ತಾಂತ್ರಿಕವಾಗಿ ಉತ್ತಮವಾದುದೆಲ್ಲವೂ ಬಾಳುವುದಿಲ್ಲ; ಬಳಸುವವರ ಬಳಗವೂ ಮುಖ್ಯ ಎಂಬುದಕ್ಕೆ ಇದು ನಿದರ್ಶನ.

6. ಹೋಲಿಕೆಯ ಅಂಶಗಳು

6.1 ನೇರ ವೆಚ್ಚ: ಇಕೆಎಸ್ ಸೇವೆಯ ನಿಯಂತ್ರಣ ಭಾಗಕ್ಕೆ 2018ರಲ್ಲಿ ಗಂಟೆಗೆ 0.20 ಡಾಲರ್ ಇದ್ದ ದರವನ್ನು 2020ರಲ್ಲಿ 0.10 ಡಾಲರ್‌ಗೆ ಇಳಿಸಲಾಯಿತು. ಆ ದರದಂತೆ ತಿಂಗಳಿಗೆ ಸುಮಾರು 73 ಡಾಲರ್ ಆಗುತ್ತದೆ. ಕಂಟೇನರ್ ಓಡುವ ಯಂತ್ರಗಳ ಬಾಡಿಗೆ, ಸಂಗ್ರಹಣೆ ಮತ್ತು ದತ್ತಾಂಶ ಹೊರಸಾಗಣೆಯ ವೆಚ್ಚ ಇದಕ್ಕೆ ಹೊರತು. ಬೆಂಬಲದ ಅವಧಿ ಮುಗಿದ ಹಳೆಯ ಆವೃತ್ತಿಯಲ್ಲಿಯೇ ಉಳಿದಲ್ಲಿ ಇದೇ ದರವು ಗಂಟೆಗೆ 0.60 ಡಾಲರ್, ಅಂದರೆ ಆರು ಪಟ್ಟು ಆಗುತ್ತದೆ. ಉದಾಸೀನತೆಗೆ ತೆರಬೇಕಾದ ಬೆಲೆ ಇದು. ದರಗಳು ಬದಲಾಗುವುದರಿಂದ ಒಪ್ಪಂದದ ದಿನ ಖಚಿತಪಡಿಸಿಕೊಳ್ಳತಕ್ಕದ್ದು.

6.2 ಸಿಬ್ಬಂದಿ: ತಂತ್ರಾಂಶವು ಉಚಿತವಾದರೂ ಅದನ್ನು ನಡೆಸುವವರ ಸಂಬಳ ಉಚಿತವಲ್ಲ. ಸ್ವಂತ ಯಂತ್ರಗಳಲ್ಲಿ ಕುಬರ್ನೆಟೀಸ್ ನಡೆಸಲು ಜಾಲ, ಸಂಗ್ರಹಣೆ, ಭದ್ರತೆ ಮೂರನ್ನೂ ಬಲ್ಲವರು ಬೇಕು. ಒಬ್ಬರೇ ಬಲ್ಲವರಿದ್ದು ಅವರು ಕೆಲಸ ಬಿಟ್ಟಲ್ಲಿ ಉದ್ದಿಮೆಯು ಅತಂತ್ರವಾಗುತ್ತದೆ. ಕನಿಷ್ಠ ಇಬ್ಬರಿಗೆ ತಿಳಿದಿರದ ವೇದಿಕೆಯನ್ನು ಅಳವಡಿಸದಿರುವುದು ಕ್ಷೇಮ.

6.3 ನಿರಂತರ ಪಾಲನೆ: ವೇದಿಕೆಯ ಜೊತೆಗೆ ಪೂರಕ ಸಾಧನಗಳೂ ಬದಲಾಗುತ್ತಿರುತ್ತವೆ. ಹೊರಗಿನ ಬೇಡಿಕೆಗಳನ್ನು ಒಳಗಿನ ಕಂಟೇನರ್‌ಗಳಿಗೆ ತಲುಪಿಸಲು ಬಹಳ ಕಡೆ ಬಳಸಲಾಗುತ್ತಿದ್ದ ಇಂಗ್ರೆಸ್ ಎಂಜಿನ್‌ಎಕ್ಸ್ ಸಾಧನದ ಪಾಲನೆಯನ್ನು 2026ರ ಮಾರ್ಚ್ ತಿಂಗಳಿಗೆ ಕೊನೆಗೊಳಿಸುವುದಾಗಿ ಕುಬರ್ನೆಟೀಸ್ ಸಮುದಾಯವು 2025ರ ನವೆಂಬರ್ ತಿಂಗಳಲ್ಲಿ ಘೋಷಿಸಿತು. ಬಳಕೆದಾರರಿಗೆ ದೊರೆತ ಕಾಲಾವಕಾಶ ಕೆಲವೇ ತಿಂಗಳು. ಇಂತಹ ಪ್ರಕಟಣೆಗಳನ್ನು ಓದುವವರು ಸಂಸ್ಥೆಯಲ್ಲಿ ಯಾರು ಎಂಬುದನ್ನು ಮೊದಲೇ ಗೊತ್ತುಪಡಿಸತಕ್ಕದ್ದು.

6.4 ಪರವಾನಗಿ: ಡಾಕರ್ ಎಂಜಿನ್ ಮುಕ್ತ ತಂತ್ರಾಂಶವಾಗಿದ್ದರೂ, ಡಾಕರ್ ಡೆಸ್ಕ್‌ಟಾಪ್ ಉತ್ಪನ್ನಕ್ಕೆ 2021ರ ಆಗಸ್ಟ್ ತಿಂಗಳಲ್ಲಿ ಹೊಸ ಷರತ್ತು ಘೋಷಿಸಲಾಯಿತು: 250 ಅಥವಾ ಹೆಚ್ಚಿನ ನೌಕರರಿರುವ, ಇಲ್ಲವೇ ವಾರ್ಷಿಕ 1 ಕೋಟಿ ಡಾಲರ್‌ಗಿಂತ ಹೆಚ್ಚು ಆದಾಯವುಳ್ಳ ಸಂಸ್ಥೆಗಳು ಶುಲ್ಕ ನೀಡಬೇಕು. ಒಂದೇ ಹೆಸರಿನ ಎರಡು ಉತ್ಪನ್ನಗಳಿಗೆ ಬೇರೆ ಬೇರೆ ಷರತ್ತುಗಳಿರಬಹುದು ಎಂಬುದನ್ನು ಗಮನಿಸುವುದು.

6.5 ಯಂತ್ರಗಳ ಸಂಖ್ಯೆ: ಈ ಅಂಶದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ವೇದಿಕೆಯ ನಿಯಂತ್ರಣ ಯಂತ್ರಗಳು ಬಹುಮತದಿಂದ ತೀರ್ಮಾನ ಕೈಗೊಳ್ಳುತ್ತವೆ. ಮೂರು ಯಂತ್ರಗಳಿದ್ದರೆ ಬಹುಮತ ಎರಡು. ಒಂದು ಕೆಟ್ಟರೂ ಕೆಲಸ ನಡೆಯುತ್ತದೆ. ಐದಿದ್ದರೆ ಎರಡು ಕೆಟ್ಟರೂ ನಡೆಯುತ್ತದೆ. ಆದರೆ ಎರಡೇ ಯಂತ್ರಗಳಿದ್ದರೆ ಬಹುಮತವೂ ಎರಡೇ. ಒಂದು ಕೆಟ್ಟೊಡನೆ ಓಡುತ್ತಿರುವ ಕಂಟೇನರ್‌ಗಳು ಓಡುತ್ತಿದ್ದರೂ ಹೊಸ ತೀರ್ಮಾನಗಳು ನಿಂತುಹೋಗುತ್ತವೆ. ಹೀಗಾಗಿ "ಭದ್ರತೆಗಾಗಿ ಎರಡು ನಿಯಂತ್ರಣ ಯಂತ್ರ" ಎಂಬ ದರಪಟ್ಟಿಯು ಒಂದು ಯಂತ್ರಕ್ಕಿಂತ ಹೆಚ್ಚಿನ ರಕ್ಷಣೆಯನ್ನೇನೂ ನೀಡುವುದಿಲ್ಲ.

6.6 ಸ್ಥಳ: ಮೂರು ಯಂತ್ರಗಳೂ ಒಂದೇ ನೆಲಮಾಳಿಗೆಯಲ್ಲಿದ್ದರೆ ಬಹುಮತದ ಲೆಕ್ಕವು ಪ್ರವಾಹಕ್ಕೆ ಅನ್ವಯಿಸದು. ಹಾಗೆಂದು ಒಂದನ್ನು ಯಲಹಂಕದಲ್ಲಿ, ಒಂದನ್ನು ಯಶವಂತಪುರದಲ್ಲಿ, ಒಂದನ್ನು ಆರ್.ಟಿ. ನಗರದಲ್ಲಿ ಇರಿಸಿ ಸಾಧಾರಣ ಬ್ರಾಡ್‌ಬ್ಯಾಂಡ್‌ನಿಂದ ಜೋಡಿಸುವುದೂ ಸೂಕ್ತವಲ್ಲ. ನಿಯಂತ್ರಣ ಯಂತ್ರಗಳ ನಡುವೆ ವೇಗದ ಹಾಗೂ ಅಡೆತಡೆಯಿಲ್ಲದ ಸಂಪರ್ಕ ಬೇಕು. ಸಂಪರ್ಕ ಕಡಿದಾಗಲೆಲ್ಲ ವ್ಯವಸ್ಥೆಯು ಗೊಂದಲಕ್ಕೀಡಾಗುತ್ತದೆ. ಸಣ್ಣ ಉದ್ದಿಮೆಗೆ ಸೂಕ್ತವಾದ ಮಾರ್ಗವೆಂದರೆ ಯಂತ್ರಗಳನ್ನು ಒಂದೇ ಕಡೆ, ಮೇಲಿನ ಮಹಡಿಯಲ್ಲಿ ಇರಿಸಿ, ದತ್ತಾಂಶದ ಪ್ರತಿಯನ್ನು ಪ್ರತಿದಿನ ದೂರದ ಮತ್ತೊಂದು ಸ್ಥಳಕ್ಕೆ ಕಳುಹಿಸುವುದು.

7. ಸಾಮಾನ್ಯ ತಪ್ಪು ಕಲ್ಪನೆಗಳು

(ಅ) "ವೇದಿಕೆ ಇದ್ದರೆ ಬ್ಯಾಕಪ್ ಬೇಡ." ಇದು ಸರಿಯಲ್ಲ. ವೇದಿಕೆಯು ತಂತ್ರಾಂಶವನ್ನು ಮತ್ತೆ ಎಬ್ಬಿಸುತ್ತದೆಯೇ ಹೊರತು ಅಳಿಸಿಹೋದ ದತ್ತಾಂಶವನ್ನು ಮರಳಿ ತರುವುದಿಲ್ಲ. ಕಂಟೇನರ್‌ನ ಒಳಗೇ ಬರೆದ ಮಾಹಿತಿಯು ಆ ಕಂಟೇನರ್ ಅನ್ನು ತೆಗೆದುಹಾಕಿದೊಡನೆ ನಾಶವಾಗುತ್ತದೆ. ಹೊರಗಿನ ಸಂಗ್ರಹಣೆಗೆ ಬರೆಯುವಂತೆ ಏರ್ಪಾಡು ಮಾಡತಕ್ಕದ್ದು.

(ಆ) "ಗುಪ್ತಪದಗಳು ವೇದಿಕೆಯಲ್ಲಿ ಸುರಕ್ಷಿತ." ಕುಬರ್ನೆಟೀಸ್‌ನಲ್ಲಿ ಗುಪ್ತಪದಗಳನ್ನಿಡುವ ಸೀಕ್ರೆಟ್ ಎಂಬ ವ್ಯವಸ್ಥೆಯಿದೆ. ಆದರೆ ವಿಶೇಷವಾಗಿ ಏರ್ಪಾಡು ಮಾಡದ ಹೊರತು ಅವು ಗೂಢಲಿಪಿಯಲ್ಲಿ ಸಂಗ್ರಹವಾಗುವುದಿಲ್ಲ.

(ಇ) "ದೊಡ್ಡ ಸಂಸ್ಥೆಗಳು ಬಳಸುವುದೇ ನಮಗೂ ಒಳ್ಳೆಯದು." ಸಾವಿರಾರು ಯಂತ್ರಗಳ ಸಮಸ್ಯೆಗೆ ರೂಪಿಸಿದ ಪರಿಹಾರವು ಎರಡು ಯಂತ್ರಗಳ ಉದ್ದಿಮೆಗೆ ಹೊರೆಯಾಗಬಹುದು.

8. ಕೆಲವು ಮಾದರಿ ಸಂದರ್ಭಗಳು

ಈ ಕೆಳಗಿನವು ಕೇವಲ ವಿವರಣೆಗಾಗಿ ಕಲ್ಪಿಸಿದ ಸಂದರ್ಭಗಳಾಗಿರುತ್ತವೆ.

ಮಂಡಿ ವರ್ತಕರು: ಲೆಕ್ಕಪತ್ರ ಮತ್ತು ಬಿಲ್ಲಿನ ಒಂದು ತಂತ್ರಾಂಶ, ಐದಾರು ಬಳಕೆದಾರರು. ಇವರಿಗೆ ನಿರ್ವಹಣಾ ವೇದಿಕೆಯ ಅಗತ್ಯವಿಲ್ಲ. ಒಂದು ಯಂತ್ರದಲ್ಲಿ ಕಂಪೋಸ್, ಪ್ರತಿದಿನ ಬೇರೆಡೆಗೆ ಬ್ಯಾಕಪ್, ಕೆಟ್ಟಾಗ ಬಳಸಲು ಒಂದು ಬದಲಿ ಯಂತ್ರ - ಇಷ್ಟು ಸಾಕು. ಕೆಲವು ಗಂಟೆಗಳ ಕಾಲ ವ್ಯವಹಾರವನ್ನು ಕೈಬರಹದಲ್ಲಿ ನಡೆಸಿ ಆ ಮೇಲೆ ದಾಖಲಿಸಲು ಸಾಧ್ಯವಿದ್ದಲ್ಲಿ ಇದಕ್ಕಿಂತ ಹೆಚ್ಚಿನ ವೆಚ್ಚ ವ್ಯರ್ಥ.

ಬಿಡಿಭಾಗ ತಯಾರಕರು: ಎರಡು ಪಾಳಿ ಕೆಲಸ, ಉತ್ಪಾದನಾ ಯೋಜನೆ, ಗುಣಮಟ್ಟ ದಾಖಲೆ, ಯಂತ್ರಗಳ ಅಳತೆ ಸಂಗ್ರಹ, ಬೀಜಕ ಎಂಬ ನಾಲ್ಕು ತಂತ್ರಾಂಶಗಳು. ಅಂತರಜಾಲ ಕಡಿದರೂ ಕಾರ್ಖಾನೆ ನಡೆಯಬೇಕು. ಆದ್ದರಿಂದ ಪೂರ್ಣವಾಗಿ ಕ್ಲೌಡ್ ಅವಲಂಬನೆ ಸೂಕ್ತವಲ್ಲ. ಮೂರು ಸಾಧಾರಣ ಯಂತ್ರಗಳಲ್ಲಿ ಕೆ3ಎಸ್ ಅಥವಾ ಸ್ವಾರ್ಮ್, ಜೊತೆಗೆ ದೇಶದೊಳಗಿನ ಕ್ಲೌಡ್ ವಲಯಕ್ಕೆ ದಿನನಿತ್ಯದ ಬ್ಯಾಕಪ್ ಹೊಂದಿಕೊಳ್ಳುತ್ತದೆ. ಹಳೆಯ, ಕಂಟೇನರ್ ಆಗಿಸಲಾಗದ ತಂತ್ರಾಂಶವಿದ್ದಲ್ಲಿ ನೋಮ್ಯಾಡ್ ಅನ್ನು ಪರಿಶೀಲಿಸಬಹುದು.

ಚಿಕಿತ್ಸಾಲಯ: ರೋಗಿಗಳ ದಾಖಲೆಗಳಿರುವುದರಿಂದ ಗೌಪ್ಯತೆಯೇ ಮುಖ್ಯ. ತಾಂತ್ರಿಕ ಸಿಬ್ಬಂದಿ ಇಲ್ಲದಿದ್ದಲ್ಲಿ ಸ್ವಂತ ವೇದಿಕೆ ನಡೆಸುವುದಕ್ಕಿಂತ ಪೂರೈಕೆದಾರರ ಸಿದ್ಧ ಸೇವೆ ಮೇಲು. ಆದರೆ ದಾಖಲೆಗಳು ಎಲ್ಲಿವೆ, ಯಾರು ನೋಡಬಲ್ಲರು, ಒಪ್ಪಂದ ಮುಗಿದಾಗ ಹೇಗೆ ಹಿಂದಿರುಗಿಸಲಾಗುವುದು ಎಂಬುದು ಲಿಖಿತದಲ್ಲಿರಬೇಕು.

ತಂತ್ರಾಂಶ ಸೇವಾ ಸಂಸ್ಥೆ: ಅನೇಕ ಗ್ರಾಹಕರಿಗೆ ಹಗಲಿರುಳು ಸೇವೆ, ವಾರಕ್ಕೆ ಹಲವು ಬಾರಿ ಹೊಸ ಆವೃತ್ತಿ. ಇಲ್ಲಿ ಕುಬರ್ನೆಟೀಸ್‌ನ ಸಂಕೀರ್ಣತೆಗೆ ತಕ್ಕ ಪ್ರಯೋಜನವಿದೆ. ಕ್ಲೌಡ್ ಸಂಸ್ಥೆಯ ಸಿದ್ಧ ಸೇವೆಯಿಂದ ಆರಂಭಿಸಬಹುದು. ಗ್ರಾಹಕರು ಬ್ಯಾಂಕು ಮುಂತಾದ ಕಟ್ಟುನಿಟ್ಟಿನ ಸಂಸ್ಥೆಗಳಾಗಿದ್ದಲ್ಲಿ ಓಪನ್‌ಶಿಫ್ಟ್‌ನಂತಹ ಬೆಂಬಲಸಹಿತ ಉತ್ಪನ್ನವನ್ನು ಪರಿಗಣಿಸಬಹುದು.

9. ಪೂರೈಕೆದಾರರನ್ನು ಕೇಳಬೇಕಾದ ಪ್ರಶ್ನೆಗಳು

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಈ ಕೆಳಕಂಡ ಪ್ರಶ್ನೆಗಳಿಗೆ ಲಿಖಿತ ಉತ್ತರವನ್ನು ಪಡೆಯುವುದು ಒಳಿತು:

1. ನಮ್ಮ ಸರ್ವರ್ ಕೋಣೆ ಸಂಪೂರ್ಣ ನಾಶವಾದಲ್ಲಿ ಎಷ್ಟು ಗಂಟೆಗಳಲ್ಲಿ ಬಿಲ್ಲು ಬರೆಯಲು ಸಾಧ್ಯ? ಎಷ್ಟು ಗಂಟೆಗಳ ದತ್ತಾಂಶ ನಷ್ಟವಾಗುವುದು?
2. ಬ್ಯಾಕಪ್‌ನಿಂದ ವ್ಯವಸ್ಥೆಯನ್ನು ಮರುಸ್ಥಾಪಿಸಿ ನಮ್ಮ ಕಣ್ಣೆದುರೇ ತೋರಿಸುವಿರಾ? ವರ್ಷಕ್ಕೆ ಎಷ್ಟು ಬಾರಿ?
3. ವೇದಿಕೆಯ ಆವೃತ್ತಿಯನ್ನು ಮೇಲ್ದರ್ಜೆಗೇರಿಸುವುದು ಯಾರ ಹೊಣೆ? ಅದಕ್ಕೆ ಪ್ರತ್ಯೇಕ ಶುಲ್ಕವುಂಟೇ?
4. ಕಂಟೇನರ್ ಇಮೇಜ್‌ಗಳು ಎಲ್ಲಿಂದ ಬರುತ್ತವೆ? ಅವುಗಳ ಪ್ರತಿ ನಮ್ಮ ಬಳಿ ಇರುವುದೇ? (ಡಾಕರ್ ಹಬ್ ತಾಣವು 2020ರ ನವೆಂಬರ್‌ನಿಂದ ಇಮೇಜ್ ಪಡೆಯುವುದಕ್ಕೆ ಮಿತಿ ವಿಧಿಸುತ್ತಿದೆ ಎಂಬುದನ್ನು ನೆನಪಿಡುವುದು.)
5. 180 ದಿನಗಳ ವ್ಯವಸ್ಥಾ ದಾಖಲೆಗಳನ್ನು ಎಲ್ಲಿ, ಹೇಗೆ ಇರಿಸಲಾಗುವುದು? ಕಂಟೇನರ್ ಅಳಿದ ನಂತರವೂ ಅವು ಉಳಿಯುವುವೇ?
6. ನಾಳೆ ಬೇರೆ ಪೂರೈಕೆದಾರರಿಗೆ ಬದಲಾಯಿಸಬೇಕಾದಲ್ಲಿ ಸಂರಚನಾ ಕಡತಗಳು ಮತ್ತು ದತ್ತಾಂಶ ನಮ್ಮ ಕೈಗೆ ಯಾವ ರೂಪದಲ್ಲಿ ದೊರೆಯುವುವು?

ಈ ಪ್ರಶ್ನೆಗಳಲ್ಲಿ ಯಾವ ವೇದಿಕೆಯ ಹೆಸರೂ ಇಲ್ಲವೆಂಬುದನ್ನು ಗಮನಿಸಬಹುದು. ಇವುಗಳಿಗೆ ತೃಪ್ತಿಕರ ಉತ್ತರ ನೀಡುವ ಪೂರೈಕೆದಾರರ ಕೈಯಲ್ಲಿ ಸರಳ ವೇದಿಕೆಯೂ ಸುಭದ್ರ. ಉತ್ತರವಿಲ್ಲದಿದ್ದಲ್ಲಿ ಅತ್ಯುನ್ನತ ವೇದಿಕೆಯೂ ನಿಷ್ಪ್ರಯೋಜಕ.

10. ಉಪಸಂಹಾರ

ವೇದಿಕೆಯ ಆಯ್ಕೆಗೆ ಮೊದಲು ಉದ್ದಿಮೆಯು ತನ್ನ ವ್ಯವಹಾರವು ಎಷ್ಟು ಹೊತ್ತು ನಿಂತರೆ ಎಷ್ಟು ನಷ್ಟವಾಗುವುದೆಂದು ಲೆಕ್ಕ ಹಾಕಿಕೊಳ್ಳತಕ್ಕದ್ದು. ಆ ನಷ್ಟಕ್ಕಿಂತ ವೇದಿಕೆಯ ವೆಚ್ಚ ಹೆಚ್ಚಾದಲ್ಲಿ ಸರಳ ಮಾರ್ಗವೇ ಸರಿ. ಸಣ್ಣದರಿಂದ ಪ್ರಾರಂಭಿಸಿದವರಿಗೆ ಮುಂದೆ ದಾರಿ ಮುಚ್ಚುವುದಿಲ್ಲ. ಕಂಪೋಸ್‌ನಲ್ಲಿ ಓಡುವ ಇಮೇಜ್ ಅನ್ನೇ ಕುಬರ್ನೆಟೀಸ್‌ನಲ್ಲಿಯೂ ಓಡಿಸಬಹುದು, ಬದಲಾಗುವುದು ಸಂರಚನಾ ಕಡತಗಳು ಮಾತ್ರ. ಸೈಬರ್ ಸುರಕ್ಷತೆಯ ಕುರಿತು ಹೆಚ್ಚಿನ ತಿಳಿವಳಿಕೆ ಬಯಸುವವರು ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ರಾಜ್ಯ ಸರ್ಕಾರವು ಸ್ಥಾಪಿಸಿದ ಸೈಸೆಕ್ ಉತ್ಕೃಷ್ಟತಾ ಕೇಂದ್ರದ ಪ್ರಕಟಣೆಗಳನ್ನು ಪರಿಶೀಲಿಸಬಹುದಾಗಿದೆ.

ಮುಂದಿನ ಮಳೆಗಾಲಕ್ಕೆ ಮುನ್ನ ಪ್ರತಿಯೊಂದು ಉದ್ದಿಮೆಯೂ ಕನಿಷ್ಠ ಒಂದು ಬಾರಿ ತನ್ನ ಬ್ಯಾಕಪ್‌ನಿಂದ ದತ್ತಾಂಶವನ್ನು ಮರುಸ್ಥಾಪಿಸಿ ನೋಡುವುದು ಸೂಕ್ತ. ಇದಕ್ಕೆ ಯಾವ ಹೊಸ ಖರೀದಿಯೂ ಬೇಕಾಗಿಲ್ಲ.

ಸೂಚನೆ: ಈ ಲೇಖನವು ಸಾರ್ವಜನಿಕ ಮಾಹಿತಿಗಾಗಿ ಮಾತ್ರ. ಇಲ್ಲಿ ಯಾವುದೇ ಉತ್ಪನ್ನ ಅಥವಾ ಸಂಸ್ಥೆಯ ಹೆಸರನ್ನು ಪ್ರಸ್ತಾಪಿಸಿರುವುದು ಅದರ ಶಿಫಾರಸು ಎಂದು ಭಾವಿಸತಕ್ಕದ್ದಲ್ಲ. ಕಾನೂನಿನ ಅಂಶಗಳಿಗೆ ಸಂಬಂಧಪಟ್ಟ ಕಾಯ್ದೆ, ನಿಯಮ ಹಾಗೂ ಅಧಿಸೂಚನೆಗಳ ಮೂಲ ಪಠ್ಯವೇ ಅಂತಿಮವಾಗಿರುತ್ತದೆ.